ಹಸಿರು ಬಟ್ಟೆಯ ಜೊತೆ ಅಂಗಿಯೂ ಮಾಯವಾಗುತ್ತಿದೆ, ಏನು ಮಾಡಲಿ?

ಪ್ರಶ್ನೆ: ಪ್ಯೂರ್ ಡೇಟಾದಲ್ಲಿ (ಆಬ್ಜೆಕ್ಟ್ ಅನ್ನುವ ಡಬ್ಬಿಗಳನ್ನು ತಂತಿಯಿಂದ ಜೋಡಿಸಿ ಪ್ರೋಗ್ರಾಂ ಮಾಡುವ ಸಾಫ್ಟ್‌ವೇರ್) ವಿಡಿಯೊ ಕೆಲಸದ ಜೆಮ್ ಹಾಕಿಕೊಂಡು ಒಂದು ಪುಟ್ಟ ನಾಟಕಕ್ಕೆ ಹಿನ್ನೆಲೆ ದೃಶ್ಯ ಮಾಡುತ್ತಿದ್ದೇನೆ. ಒಂದು ಸ್ಟ್ರೀಮ್ ವೆಬ್‌ಕ್ಯಾಮ್‌ನಿಂದ ಬರುತ್ತದೆ, ನಟನ ಹಿಂದೆ ಹಸಿರು ಬಟ್ಟೆ ಕಟ್ಟಿದ್ದೇವೆ. ಇನ್ನೊಂದು ಸ್ಟ್ರೀಮ್ ಕಾಡಿನ ವಿಡಿಯೊ ಫೈಲು. ಒಂದು ಚಿತ್ರದ ಹಸಿರನ್ನು ತೆಗೆದು ಆ ಜಾಗದಲ್ಲಿ ಇನ್ನೊಂದನ್ನು ತೋರಿಸುವ ಪಿಕ್ಸ್_ಕ್ರೋಮಾ_ಕೀಗೆ ಎರಡನ್ನೂ ಕೊಟ್ಟಿದ್ದೇನೆ. ಮೊದಲು ಬರೀ ಕ್ಯಾಮೆರಾ ಚಿತ್ರವೇ ಬರುತ್ತಿತ್ತು. ಏನೇನೋ ಮಾಡಿದ ಮೇಲೆ ಕಾಡಿನ ಎಲೆಗಳ ಜಾಗದಲ್ಲಿ ನಟನ ಚೂರುಗಳು ಕಂಡವು. ಈಗ ಕಾಡೇನೋ ಹಿಂದೆ ಹೋಗಿದೆ, ಆದರೆ ನಟನ ಆಲಿವ್ ಬಣ್ಣದ ಅಂಗಿಯಲ್ಲಿ ತೂತು ಬೀಳುತ್ತಿದೆ. ರೇಂಜ್ (ಎಷ್ಟು ಬಗೆಯ ಹಸಿರನ್ನು ತೆಗೆಯಬೇಕು ಅನ್ನುವ ಅಂಕಿ) ಇಳಿಸಿದರೆ ಬಟ್ಟೆಯ ಮಡಿಕೆಗಳು ಕಾಣುತ್ತವೆ, ಏರಿಸಿದರೆ ಅಂಗಿ ಹೋಗುತ್ತದೆ. ಕೂದಲ ಅಂಚು ಸದಾ ಕುದಿಯುತ್ತಿರುತ್ತದೆ. ನಿನ್ನೆ ಚೆನ್ನಾಗಿದ್ದದ್ದು ಇವತ್ತು ಹಾಗಿರುವುದಿಲ್ಲ. ಎಚ್‌ಡಿ ಕ್ಯಾಮೆರಾ ತಗೊಳ್ಳಲಾ? ಲ್ಯಾಪ್‌ಟಾಪ್ ಸಾಲದಾ? ಅಥವಾ ಸಾಫ್ಟ್‌ವೇರನ್ನೇ ಬದಲಿಸಲಾ?

ಉತ್ತರ: ಸದ್ಯಕ್ಕೆ ಏನೂ ಕೊಳ್ಳಬೇಡಿ. ನೀವು ಬರೆದಿರುವುದು ಒಂದು ತೊಂದರೆ ಅಲ್ಲ, ನಾಲ್ಕೈದು ಬೇರೆ ಬೇರೆ ತೊಂದರೆ. ಎಲ್ಲವೂ ಒಂದೇ ಪರದೆಯ ಮೇಲೆ ಒಟ್ಟಿಗೆ ಕಾಣುವುದರಿಂದ ಒಂದೇ ರೋಗ ಅನ್ನಿಸುತ್ತದೆ. ಆಗ ಎಲ್ಲದಕ್ಕೂ ರೇಂಜ್ ತಿರುಗಿಸುವುದೊಂದೇ ಮದ್ದು ಅನ್ನಿಸುತ್ತದೆ. ಸ್ಟೇಜ್ ಶೋಗಳಿಗೆ ವಿಡಿಯೊ ಕೆಲಸ ಮಾಡುತ್ತಾ ನಾನು ಕಂಡದ್ದು ಇಷ್ಟು: ಕೀ (ಹಸಿರು ತೆಗೆಯುವ ಕೆಲಸ) ಕೆಟ್ಟಿದೆ ಅಂತ ಕರೆ ಬಂದಾಗ ಹೋಗಿ ನೋಡಿದರೆ, ತಪ್ಪು ಹೆಚ್ಚಿನ ಸಲ ಕೀ ಆಬ್ಜೆಕ್ಟ್‌ಗೆ ಮುಂಚೆಯೇ ಆಗಿರುತ್ತದೆ. ಬೆಳಕಿನಲ್ಲಿ, ಕ್ಯಾಮೆರಾದ ಆಟೊ ಸೆಟ್ಟಿಂಗಿನಲ್ಲಿ, ಇಲ್ಲವೇ ಪ್ಯಾಚಿನ, ಅಂದರೆ ನೀವು ಕಟ್ಟಿದ ಪ್ರೋಗ್ರಾಮಿನ, ಜೋಡಣೆಯಲ್ಲಿ.

ಮೊದಲು ಒಂದು ಪರೀಕ್ಷೆ ಮಾಡಿ. ಕ್ಯಾಮೆರಾ, ಫಿಲ್ಮ್ ಎರಡನ್ನೂ ಕಳಚಿ, ಆ ಜಾಗಕ್ಕೆ ಒಂದೇ ಅಳತೆಯ ಎರಡು ಸ್ಥಿರ ಚಿತ್ರ ಕೊಡಿ. ಒಂದರಲ್ಲಿ ಅಚ್ಚ ಹಸಿರಿನ ಮೇಲೆ ಕೆಂಪು ಚೌಕ, ಇನ್ನೊಂದರಲ್ಲಿ ಏನಾದರೂ ಫೋಟೊ. ಪಿಕ್ಸ್_ಇಮೇಜ್ ಸಾಕು. ಕೆಂಪು ಚೌಕ ಫೋಟೊದ ಮೇಲೆ ಚೊಕ್ಕವಾಗಿ ಕೂತರೆ ನಿಮ್ಮ ಕೀಯ ಮೂಲ ಜೋಡಣೆ ಸರಿಯಾಗಿದೆ. ಇನ್ನು ಹುಡುಕಬೇಕಾದ್ದು ಕ್ಯಾಮೆರಾ, ಫಿಲ್ಮ್ ಬರುವ ಕಡೆ. ಕೂರದಿದ್ದರೆ ತಪ್ಪು ಪ್ಯಾಚಿನಲ್ಲಿದೆ. ಐದು ನಿಮಿಷದ ಕೆಲಸ, ಐದು ದಿನದ ತಲೆನೋವು ಉಳಿಸುತ್ತದೆ.

ಪ್ಯಾಚಿನ ತಪ್ಪುಗಳನ್ನು ಬೇಗ ಮುಗಿಸೋಣ. ಬರೀ ಕ್ಯಾಮೆರಾ ಚಿತ್ರ ಬರುತ್ತಿದ್ದುದಕ್ಕೆ ಮಾಮೂಲಿ ಕಾರಣ ಅಳತೆ. ಎರಡು ಚಿತ್ರ ಬೆರೆಸುವ ಜೆಮ್ ಆಬ್ಜೆಕ್ಟ್‌ಗಳಿಗೆ ಎರಡೂ ಒಂದೇ ಅಗಲ, ಒಂದೇ ಎತ್ತರ, ಒಂದೇ ಬಣ್ಣದ ಫಾರ್ಮ್ಯಾಟ್‌ನಲ್ಲಿರಬೇಕು. ಎರಡೂ ಕಡೆ ಪಿಕ್ಸ್_ಇನ್ಫೊ ಇಟ್ಟು ನೋಡಿ. ಅಳತೆ ಬೇರೆ ಇದ್ದರೆ ಪಿಕ್ಸ್_ರೀಸೈಜ್ ಹಾಕಿ. ಫಾರ್ಮ್ಯಾಟ್ ಬೇರೆ ಇದ್ದರೆ ಎರಡಕ್ಕೂ ಪಿಕ್ಸ್_ಆರ್‌ಜಿಬಿಎ ಹಾಕಿ. ಫಾರ್ಮ್ಯಾಟ್ ಇನ್ನೊಂದು ರೀತಿಯಲ್ಲೂ ಕಾಡುತ್ತದೆ. ಚಿತ್ರ ವೈಯುವಿಯಲ್ಲಿ ಬರುತ್ತಿದ್ದರೆ, ನೀವು ಕೊಡುವ ಮೂರು ಅಂಕಿಗಳನ್ನು ಆಬ್ಜೆಕ್ಟು ಕೆಂಪು, ಹಸಿರು, ನೀಲಿ ಅಂತ ಓದುವುದಿಲ್ಲ. ಹೊಳಪು ಮತ್ತು ಎರಡು ಬಣ್ಣದ ಅಂಕಿ ಅಂತ ಓದುತ್ತದೆ. ಆಗ ಎಷ್ಟು ತಿರುಗಿಸಿದರೂ ಸರಿಹೋಗಲ್ಲ.

ಎಲೆಗಳ ಒಳಗೆ ನಟನ ಚೂರು ಕಂಡದ್ದು ತಿರುವುಮುರುವು ಅಷ್ಟೇ. ಹಸಿರನ್ನು ಯಾವ ಸ್ಟ್ರೀಮಿನಲ್ಲಿ ಹುಡುಕಬೇಕು ಅಂತ ಡೈರೆಕ್ಷನ್ ಸಂದೇಶ ಹೇಳುತ್ತದೆ. ನಿಮ್ಮ ಪ್ಯಾಚು ಕ್ಯಾಮೆರಾ ಬಿಟ್ಟು ಕಾಡಿನ ವಿಡಿಯೊದಲ್ಲಿ ಹಸಿರು ಹುಡುಕುತ್ತಿತ್ತು. ಕಾಡಿನಲ್ಲಿ ಹಸಿರಿಗೇನು ಬರ! ಸೊನ್ನೆಯನ್ನು ಒಂದು ಮಾಡಿದರೆ, ಇಲ್ಲವೇ ಒಂದನ್ನು ಸೊನ್ನೆ ಮಾಡಿದರೆ ಮುಗಿಯಿತು.

'ನಿನ್ನೆ ಇದ್ದದ್ದು ಇವತ್ತಿಲ್ಲ' ಅನ್ನುವುದರಲ್ಲಿ ಅರ್ಧ ಭಾಗ ಕ್ರಮದ ತಪ್ಪು ಇರಬಹುದು. ಕ್ಯಾಮೆರಾಗೊಂದು, ಫಿಲ್ಮ್‌ಗೊಂದು ಜೆಮ್‌ಹೆಡ್ (ಸ್ಟ್ರೀಮನ್ನು ಓಡಿಸುವ ಆಬ್ಜೆಕ್ಟ್) ಇಟ್ಟಿದ್ದೀರಿ ಅಂದುಕೊಳ್ಳೋಣ. ಅಂಕಿ ಕೊಡದಿದ್ದರೆ ಎರಡಕ್ಕೂ 50 ಇರುತ್ತದೆ. ಯಾವುದು ಮೊದಲು ಓಡುತ್ತದೆ ಅಂತ ನಂಬುವ ಹಾಗಿಲ್ಲ. ಒಂದು ಆಬ್ಜೆಕ್ಟನ್ನು ಕತ್ತರಿಸಿ ಬೇರೆಡೆ ಅಂಟಿಸಿದರೂ ಕ್ರಮ ಬದಲಾಗಬಹುದು. ಕೀ ಆಬ್ಜೆಕ್ಟ್‌ನ ಬಲಗಡೆಯ ಇನ್‌ಲೆಟ್‌ಗೆ (ತಂತಿ ಒಳಬರುವ ಜಾಗಕ್ಕೆ) ಹೋಗುವ ಸ್ಟ್ರೀಮು ಮೊದಲು ಬಂದಿರಬೇಕು, ಎಡಗಡೆಯದು ಆಮೇಲೆ. ಬಲಗಡೆಯದಕ್ಕೆ ಜೆಮ್‌ಹೆಡ್ 40, ಎಡಗಡೆಯದಕ್ಕೆ ಜೆಮ್‌ಹೆಡ್ 50 ಅಂತ ಬರೆದುಬಿಡಿ. ಚಿಕ್ಕ ಅಂಕಿ ಮೊದಲು ಓಡುತ್ತದೆ. ಕ್ರಮ ತಪ್ಪಿದರೆ ಬಲಗಡೆಯ ಚಿತ್ರ ಒಂದು ಫ್ರೇಮ್ ಹಿಂದೆ ಬೀಳುತ್ತದೆ. ಬಲಗಡೆ ಇರುವುದು ಸುಮ್ನೆ ಓಡುವ ಕಾಡಾದರೆ ಅದು ಕಣ್ಣಿಗೇ ಬೀಳಲ್ಲ. ಆದರೆ ಮುಂದೆ ನೀವು ಒಂದು ದಾರಿಯಲ್ಲಿ ಮ್ಯಾಟ್ (ಯಾವುದು ಉಳಿಯಬೇಕು, ಯಾವುದು ಹೋಗಬೇಕು ಅಂತ ಹೇಳುವ ಕಪ್ಪು-ಬಿಳುಪು ಚಿತ್ರ), ಇನ್ನೊಂದು ದಾರಿಯಲ್ಲಿ ಬಣ್ಣ ತಯಾರಿಸಿ ಕೊನೆಗೆ ಸೇರಿಸಲು ಹೊರಟರೆ, ನಟ ಕೈ ಬೀಸಿದಾಗಲೆಲ್ಲ ಒಂದು ಹಸಿರು ಬಾಲ ಹಿಂಬಾಲಿಸುತ್ತದೆ. ಇದೇ ಅದರ ಗುರುತು.

ಇನ್ನು ಅಂಗಿಯ ತೂತು. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಏಕೆಂದರೆ ನಿಮ್ಮ ಪ್ರಶ್ನೆಯ ಜೀವ ಇರುವುದು ಇಲ್ಲಿ.

ಪಿಕ್ಸ್_ಕ್ರೋಮಾ_ಕೀ ಪ್ರತಿ ಪಿಕ್ಸೆಲ್‌ಗೂ ಕೇಳುವುದು ಒಂದೇ ಪ್ರಶ್ನೆ: ನೀನು ಈ ಪೆಟ್ಟಿಗೆಯ ಒಳಗಿದ್ದೀಯಾ, ಹೊರಗಿದ್ದೀಯಾ? ವ್ಯಾಲ್ಯೂ ಅನ್ನುವುದು ಪೆಟ್ಟಿಗೆಯ ನಡು. ರೇಂಜ್ ಅನ್ನುವುದು ನಡುವಿನಿಂದ ಪ್ರತಿ ಬಣ್ಣದಲ್ಲೂ ಎಷ್ಟು ದೂರದವರೆಗೆ ಒಳಗೆ ಅನ್ನುವುದು. ಅದಕ್ಕೆ ಬಟ್ಟೆ ಗೊತ್ತಿಲ್ಲ, ನಟ ಗೊತ್ತಿಲ್ಲ, ನೆರಳು ಗೊತ್ತಿಲ್ಲ. ಮೂರು ಅಂಕಿ ಮಾತ್ರ ಗೊತ್ತು.

ಹಾಗಾಗಿ ನಾವೂ ಅಂಕಿ ನೋಡೋಣ. ಕ್ಯಾಮೆರಾ ಸ್ಟ್ರೀಮಿಗೆ ಪಿಕ್ಸ್_ಡೇಟಾ ಜೋಡಿಸಿದರೆ, ಚಿತ್ರದ ಯಾವ ಜಾಗ ಬೇಕೋ ಅಲ್ಲಿನ ಬಣ್ಣದ ಅಂಕಿ ಕೊಡುತ್ತದೆ. ಜೆಮ್ ಇದನ್ನು 0ಯಿಂದ 1ರ ನಡುವೆ ಹೇಳುತ್ತದೆ. ಓದಲು ಸುಲಭ ಅಂತ ನಾನಿಲ್ಲಿ 255ರ ಲೆಕ್ಕದಲ್ಲಿ ಬರೆಯುತ್ತೇನೆ. ಬೆಳಕು ಚೆನ್ನಾಗಿ ಬಿದ್ದ ಕಡೆ ಬಟ್ಟೆ 40, 180, 60 ಇದೆ ಅಂತಿಟ್ಟುಕೊಳ್ಳಿ. ಮಡಿಕೆಯ ನೆರಳಿನಲ್ಲಿ ಅದೇ ಬಟ್ಟೆ 20, 90, 30 ಆಗುತ್ತದೆ. ಬೆಳಕು ಇಳಿಯಿತು, ಮೂರೂ ಅಂಕಿಗಳು ಅರ್ಧ ಆದವು. ಆಲಿವ್ ಅಂಗಿ 90, 150, 70.

ಈಗ ಹೊಳೆಯುವ ಬಟ್ಟೆಯಿಂದ ಅಳೆದು ನೋಡಿ. ನೆರಳಿನ ಬಟ್ಟೆ ಹಸಿರಿನಲ್ಲಿ 90 ದೂರ ಇದೆ. ಅಂಗಿ ಕೆಂಪಿನಲ್ಲಿ 50, ಹಸಿರಿನಲ್ಲಿ 30, ನೀಲಿಯಲ್ಲಿ 10 ದೂರ ಅಷ್ಟೇ. ಅಂದರೆ ಬಟ್ಟೆಯ ಸ್ವಂತ ನೆರಳಿಗಿಂತ ನಟನ ಅಂಗಿಯೇ ಬಟ್ಟೆಗೆ ಹತ್ತಿರ! ಮಡಿಕೆ ಮುಚ್ಚಲು ನೀವು ರೇಂಜ್ ಏರಿಸುತ್ತಾ ಹೋದರೆ, ಮಡಿಕೆಗಿಂತ ಮುಂಚೆ ಅಂಗಿ ಒಳಗೆ ಬಂದುಬಿಡುತ್ತದೆ. ನೀವು ಎರಡು ದಿನ ಒದ್ದಾಡಿದ್ದು ಇದೇ ಗೋಡೆಗೆ.

ಹೊರಬರುವ ದಾರಿ ಇದೆ. ನೀವು ಮೂರು ಬಣ್ಣಕ್ಕೂ ಒಂದೇ ರೇಂಜ್ ಕೊಟ್ಟಿದ್ದೀರಿ ಅನ್ನುವುದು ನನ್ನ ಊಹೆ. ಒಂದೇ ಸ್ಲೈಡರನ್ನು ಮೂರಕ್ಕೂ ಕಟ್ಟುವುದು ಎಲ್ಲರೂ ಮಾಡುವ ಕೆಲಸ. ಬಿಡಿಸಿ. ಜೊತೆಗೆ ವ್ಯಾಲ್ಯೂವನ್ನು ಹೊಳೆಯುವ ಜಾಗದಿಂದ ತಗೊಳ್ಳಬೇಡಿ. ಅತಿ ಹೊಳೆಯುವ ಜಾಗ ಮತ್ತು ಅತಿ ಕಪ್ಪಾದ ಮಡಿಕೆ, ಇವೆರಡರ ನಡುವಿನ ಅಂಕಿ ತಗೊಳ್ಳಿ. ನಮ್ಮ ಉದಾಹರಣೆಯಲ್ಲಿ ಅದು 30, 135, 45. ಜೆಮ್ ಲೆಕ್ಕದಲ್ಲಿ 0.12, 0.53, 0.18. ಈಗ ಎರಡು ತುದಿಗಳೂ ಹಸಿರಿನಲ್ಲಿ 45 ಮಾತ್ರ ದೂರ. ಕೆಂಪಿನಲ್ಲಿ 10, ನೀಲಿಯಲ್ಲಿ 15. ಕ್ಯಾಮೆರಾ ಗದ್ದಲಕ್ಕೆ (ಅಂಕಿಗಳು ಸುಮ್ಮನೆ ಏರಿಳಿಯುವುದಕ್ಕೆ) ಸ್ವಲ್ಪ ಜಾಗ ಬಿಟ್ಟು ರೇಂಜ್ 0.08, 0.24, 0.10 ಕೊಡಿ. ಕೆಂಪಿನ ಪೆಟ್ಟಿಗೆ ಸುಮಾರು 10ರಿಂದ 51ರವರೆಗೆ ಆಯಿತು. ಅಂಗಿಯ ಕೆಂಪು 90. ಅದು ಆರಾಮಾಗಿ ಹೊರಗೆ ಉಳಿಯಿತು, ಮಡಿಕೆ ಒಳಗೆ ಬಂತು. ಅಂಗಿಯನ್ನು ಬಟ್ಟೆಯಿಂದ ಬೇರೆ ಮಾಡುವುದು ಹಸಿರಲ್ಲ, ಕೆಂಪು. ಇದು ಕಣ್ಣಿಗೆ ಕಾಣಲ್ಲ, ಅಂಕಿಯಲ್ಲಿ ಮಾತ್ರ ಕಾಣುತ್ತದೆ. ಅದಕ್ಕೇ ಅಳೆಯಿರಿ ಅಂತ ಇಷ್ಟು ಒತ್ತಿ ಹೇಳುತ್ತಿದ್ದೇನೆ.

'ವೈಯುವಿಗೆ ಹೋಗಿ, ನೆರಳಿನ ತೊಂದರೆಯೇ ಇರಲ್ಲ' ಅಂತ ಯಾರಾದರೂ ಹೇಳಿರಬಹುದು. ಹೊಳಪು ಬೇರೆ, ಬಣ್ಣ ಬೇರೆ ಇರುತ್ತದೆ, ಹೊಳಪನ್ನು ಬಿಟ್ಟು ಬಣ್ಣ ಮಾತ್ರ ನೋಡಿದರಾಯಿತು ಅನ್ನುವ ವಾದ. ಅರ್ಧ ಸತ್ಯ. ಬೆಳಕು ಕಡಿಮೆಯಾದಾಗ ಬಣ್ಣದ ಅಂಕಿಗಳೂ ನಡುವಿನ 128ರ ಕಡೆಗೆ ಕುಗ್ಗುತ್ತವೆ. ಮೇಲಿನದೇ ಅಂಕಿಗಳನ್ನು ಲೆಕ್ಕ ಹಾಕಿದರೆ, ಆ ಎರಡು ಬಣ್ಣದ ಅಂಕಿಗಳಲ್ಲಿ ಒಂದಾದ ವಿ ಚಾನೆಲ್‌ನಲ್ಲಿ ಹೊಳೆಯುವ ಬಟ್ಟೆ 68, ನೆರಳಿನ ಬಟ್ಟೆ 98, ಅಂಗಿ 104 ಅಥವಾ 105. ನೆರಳಿಗೂ ಅಂಗಿಗೂ ಕೂದಲೆಳೆ ಅಂತರ. ಆರ್‌ಜಿಬಿಯಲ್ಲಿ ಮೂರು ರೇಂಜ್ ಬಿಡಿಸಿ ಕೊಟ್ಟದ್ದೇ ಇಲ್ಲಿ ವಾಸಿ.

ಆದರೆ ಪೆಟ್ಟಿಗೆಗೆ ಒಂದು ಮಿತಿ ಇದೆ. ಒಳಗೆ ಇಲ್ಲವೇ ಹೊರಗೆ, ನಡುವೆ ಏನೂ ಇಲ್ಲ. ಕೂದಲಿನ ಎಳೆಯೊಂದು ಪಿಕ್ಸೆಲ್‌ನ ಅರ್ಧ ಜಾಗ ಮಾತ್ರ ತುಂಬಿದ್ದರೆ, ಆ ಪಿಕ್ಸೆಲ್ ಅರ್ಧ ಕಪ್ಪು, ಅರ್ಧ ಹಸಿರು. ಈ ಫ್ರೇಮಿನಲ್ಲಿ ಒಳಗೆ ಬಿತ್ತು, ಮುಂದಿನ ಫ್ರೇಮಿನಲ್ಲಿ ಕ್ಯಾಮೆರಾ ಗದ್ದಲದಿಂದ ಹೊರಗೆ ಬಿತ್ತು. ಕುದಿತ ಅಂತ ನೀವು ಕರೆದದ್ದು ಇದನ್ನೇ. ಮ್ಯಾಕ್ಸ್ ಅನ್ನುವ ಇನ್ನೊಂದು ಸಾಫ್ಟ್‌ವೇರಿನ ಜಿಟ್.ಕ್ರೋಮಾಕೀಯಲ್ಲಿ ಟಾಲರೆನ್ಸ್ ಜೊತೆಗೆ ಫೇಡ್ ಅಂತ ಇನ್ನೊಂದು ಅಂಕಿ ಇರುತ್ತದೆ, ಅಂಚನ್ನು ಮೆತ್ತಗೆ ಮಾಡುತ್ತದೆ. ಜೆಮ್‌ನ ಈ ಆಬ್ಜೆಕ್ಟ್‌ನಲ್ಲಿ ಅದಿಲ್ಲ. ಅದು ಮ್ಯಾಟನ್ನು ಬೇರೆಯಾಗಿ ಹೊರಗೂ ಕೊಡಲ್ಲ, ಬೆರೆಸಿದ ಚಿತ್ರವನ್ನೇ ಕೊಡುತ್ತದೆ. ಹಾಗಾಗಿ ಅಂಚನ್ನು ಆಮೇಲೆ ಮಸುಕು ಮಾಡಲೂ ಆಗಲ್ಲ. ಸಾಫ್ಟ್‌ವೇರ್ ಬದಲಿಸಬೇಕಾ ಅಂತ ಕೇಳಿದ್ದೀರಿ. ಇಲ್ಲ, ಜೆಮ್ ಒಳಗೇ ಶೇಡರ್ (ಗ್ರಾಫಿಕ್ಸ್ ಕಾರ್ಡಿನ ಮೇಲೆ ಪ್ರತಿ ಪಿಕ್ಸೆಲ್‌ಗೂ ಓಡುವ ಪುಟ್ಟ ಪ್ರೋಗ್ರಾಂ) ಬರೆಯಬಹುದು. ಅದಕ್ಕೆ ಮುಂಚೆ ಕ್ಯಾಮೆರಾ ಮಾತು ಮುಗಿಸಿಬಿಡುತ್ತೇನೆ.

ಎಚ್‌ಡಿ ಕ್ಯಾಮೆರಾ ತಗೊಂಡರೆ ಅಂಚು ಚೊಕ್ಕ ಆಗುತ್ತದೆ ಅನ್ನುವುದು ತುಂಬಾ ಜನರ ನಂಬಿಕೆ. ಲೆಕ್ಕ ಹಾಕಿ ನೋಡಿ. 640×480ರ ಚಿತ್ರ ಸಂಕುಚಿತವಾಗದೆ, ಪಿಕ್ಸೆಲ್‌ಗೆ 2 ಬೈಟ್‌ನಂತೆ, ಸೆಕೆಂಡಿಗೆ 30 ಫ್ರೇಮ್ ಬಂದರೆ ಸುಮಾರು 18 ಎಂಬಿ. ಯುಎಸ್‌ಬಿ 2ರಲ್ಲಿ ಸಲೀಸಾಗಿ ಹಿಡಿಸುತ್ತದೆ. ಅದೇ 1920×1080 ಆದರೆ ಸೆಕೆಂಡಿಗೆ 124 ಎಂಬಿ. ಯುಎಸ್‌ಬಿ 2ರ ಕಾಗದದ ಮೇಲಿನ ಮಿತಿಯೇ 60 ಎಂಬಿ. ಹಾಗಾಗಿ ಆ ತಂತಿಯಲ್ಲಿ ಎಚ್‌ಡಿ ಕಳಿಸುವ ವೆಬ್‌ಕ್ಯಾಮ್ ಚಿತ್ರವನ್ನು ಹಿಂಡಿಯೇ ಕಳಿಸಬೇಕು. ಹಿಂಡುವಾಗ ಮೊದಲು ಏಟು ತಿನ್ನುವುದು ಬಣ್ಣ. ನಮ್ಮ ಕಣ್ಣಿಗೆ ಹೊಳಪಿನ ವಿವರ ಬೇಕು, ಬಣ್ಣದ ವಿವರ ಅಷ್ಟು ಬೇಡ. ಹಾಗಾಗಿ 4:2:0 ಪದ್ಧತಿಯಲ್ಲಿ ನಾಲ್ಕು ಪಿಕ್ಸೆಲ್ ಸೇರಿ ಒಂದೇ ಬಣ್ಣದ ಅಂಕಿ ಹಂಚಿಕೊಳ್ಳುತ್ತವೆ. ಹಿಂಡದೆ ಬರುವ 4:2:2ರಲ್ಲಿ ಎರಡು ಪಿಕ್ಸೆಲ್ ಹಂಚಿಕೊಳ್ಳುತ್ತವೆ. ನೋಡುವವರಿಗೆ ವ್ಯತ್ಯಾಸ ಗೊತ್ತಾಗಲ್ಲ. ಕೀ ಮಾಡುವವರಿಗೆ ಬೇಕಾದ್ದೇ ಬಣ್ಣ, ಅಲ್ವಾ? ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣುವುದು ಇದರಿಂದ.

ನಿಮ್ಮ ಹತ್ತಿರ ಎಚ್‌ಡಿ ಕ್ಯಾಮೆರಾ ಈಗಾಗಲೇ ಇದ್ದರೆ ಒಂದು ಒಳ್ಳೆಯ ಉಪಾಯ ಇದೆ. 1920×1080ರಲ್ಲಿ ಹಿಡಿದು, ಕೀ ಮಾಡುವ ಮುಂಚೆ 960×540ಕ್ಕೆ ಇಳಿಸಿ. ನಾಲ್ಕು ಪಿಕ್ಸೆಲ್ ಒಂದಾಗುತ್ತವೆ, ಪ್ರತಿ ಪಿಕ್ಸೆಲ್‌ಗೂ ತನ್ನದೇ ಬಣ್ಣದ ಅಂಕಿ ಸಿಗುತ್ತದೆ, ಗದ್ದಲವೂ ಇಳಿಯುತ್ತದೆ. ಹಿಂಡಿದ್ದರ ಕಲೆ ಪೂರ್ತಿ ಹೋಗಲ್ಲ, ಆದರೆ ಮೆಟ್ಟಿಲು ಬಹಳ ಕಡಿಮೆಯಾಗುತ್ತದೆ.

ಆದರೆ ರೆಸಲ್ಯೂಶನ್‌ಗಿಂತ ದೊಡ್ಡ ಶತ್ರು ಆಟೊ. ಒಂದು ಶೋನ ತಾಲೀಮಿನಲ್ಲಿ ನಾನು ಮಧ್ಯಾಹ್ನವೆಲ್ಲ ಕೂತು ಕೀ ಕೂರಿಸಿದ್ದೆ, ಗಾಜಿನಷ್ಟು ಚೊಕ್ಕ ಇತ್ತು. ಸಂಜೆ ಕೆಂಪು ಉಡುಪಿನ ಕಲಾವಿದೆ ಒಳಗೆ ಬಂದರು. ಚೌಕಟ್ಟಿನ ಮೂರನೇ ಒಂದು ಭಾಗ ಕೆಂಪಾಯಿತು. ಕ್ಯಾಮೆರಾದ ಆಟೊ ವೈಟ್ ಬ್ಯಾಲೆನ್ಸ್ ಇದನ್ನು ನೋಡಿ, ಬೆಳಕೇ ಕೆಂಪಾಗಿದೆ ಅಂದುಕೊಂಡು ಇಡೀ ಚಿತ್ರವನ್ನು ತಣ್ಣಗೆ ಮಾಡಿತು. ಎರಡು ಸೆಕೆಂಡಿನಲ್ಲಿ ಬಟ್ಟೆಯ ಹಸಿರು ನೀಲಿಯ ಕಡೆ ಜಾರಿ, ನನ್ನ ಪೆಟ್ಟಿಗೆಯಿಂದ ಹೊರಗೆ ಹೋಯಿತು. ಪರದೆಯ ತುಂಬಾ ಹಸಿರು ಬಟ್ಟೆ. ಪ್ಯಾಚಿನಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಅವತ್ತಿನಿಂದ ನಾನು ಕ್ಯಾಮೆರಾ ತೆರೆದ ಕೂಡಲೇ ಮಾಡುವ ಮೊದಲ ಕೆಲಸ ಎಕ್ಸ್‌ಪೋಶರ್, ಗೇನ್, ವೈಟ್ ಬ್ಯಾಲೆನ್ಸ್ ಮೂರನ್ನೂ ಕೈಯಾರೆ ಕಟ್ಟಿಹಾಕುವುದು. ನಿಮ್ಮ 'ನಿನ್ನೆ ಇತ್ತು, ಇವತ್ತಿಲ್ಲ'ದ ಉಳಿದ ಅರ್ಧ ಬಹುಶಃ ಇದೇ. ಕಂಪ್ಯೂಟರ್ ಮತ್ತೆ ಶುರುವಾದಾಗ, ಕೆಲವು ಸಲ ಕ್ಯಾಮೆರಾ ಕಳಚಿ ಹಾಕಿದಾಗಲೂ, ಇವು ಮತ್ತೆ ಆಟೊಗೆ ಹೋಗಿರಬಹುದು. ಪ್ರತಿ ಸಲವೂ ನೋಡಿ.

ಎಕ್ಸ್‌ಪೋಶರ್ ಕಟ್ಟುವಾಗ ವಿದ್ಯುತ್ತಿನ ಮಿಡಿತ ನೆನಪಿರಲಿ. 50 ಹರ್ಟ್ಸ್ ಇರುವ ಕಡೆ ಕೆಲವು ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ 1/50 ಅಥವಾ 1/100 ಇಟ್ಟರೆ ಪ್ರತಿ ಫ್ರೇಮಿಗೂ ಸಮ ಬೆಳಕು ಸಿಗುತ್ತದೆ. ಇಲ್ಲದಿದ್ದರೆ ಬಟ್ಟೆಯ ಮೇಲೆ ಅಡ್ಡಪಟ್ಟಿಗಳು ಮೆಲ್ಲಗೆ ಹರಿಯುತ್ತವೆ. ಕಣ್ಣಿಗೆ ಅಷ್ಟಾಗಿ ಕಾಣಲ್ಲ, ಕೀಗೆ ಮಾತ್ರ ಕಾಣುತ್ತದೆ. 60 ಹರ್ಟ್ಸ್ ಆದರೆ 1/60 ಅಥವಾ 1/120.

ಬೆಳಕಿನ ಬಗ್ಗೆ ನೂರು ಮಾತು ಹೇಳಬಹುದು, ಎರಡೇ ಹೇಳುತ್ತೇನೆ. ಬಟ್ಟೆಗೆ ಬೇರೆ ದೀಪ, ನಟನಿಗೆ ಬೇರೆ ದೀಪ. ಮತ್ತು ನಟ ಬಟ್ಟೆಯಿಂದ ಕನಿಷ್ಠ ಎರಡು ಮೀಟರ್ ಮುಂದೆ ಇರಲಿ. ಆಗ ಅವರ ನೆರಳು ಬಟ್ಟೆಯ ಮೇಲೆ ಬೀಳಲ್ಲ, ಬಟ್ಟೆಯ ಹಸಿರು ಅವರ ಭುಜದ ಮೇಲೆ ಬೀಳಲ್ಲ. ಬಟ್ಟೆಯನ್ನು ಎಳೆದು ಕಟ್ಟಿ ಮಡಿಕೆ ತೆಗೆದರೆ, 90ಕ್ಕೆ ಇಳಿದಿದ್ದ ಹಸಿರು 150ರ ಹತ್ತಿರ ಬರುತ್ತದೆ. ಆಗ ಇನ್ನೂ ಚಿಕ್ಕ ಪೆಟ್ಟಿಗೆಯೇ ಸಾಕು.

ಇನ್ನು ಶೇಡರ್. ಇಷ್ಟೆಲ್ಲ ಮಾಡಿದ ಮೇಲೂ ಕೂದಲು ಕುದಿಯುತ್ತಿದ್ದರೆ ಮಾತ್ರ ಇದಕ್ಕೆ ಕೈ ಹಾಕಿ. ಸಿನಿಮಾದವರಿಗೆ ಬ್ಲೂ ಸ್ಕ್ರೀನ್‌ಗಾಗಿ ಪೆಟ್ರೊ ವ್ಲಾಹೊಸ್ ಕೊಟ್ಟ ವ್ಯತ್ಯಾಸದ ವಿಧಾನ ಇಲ್ಲಿ ದಾರಿ ತೋರುತ್ತದೆ. ಬಟ್ಟೆಯ ಬಣ್ಣಕ್ಕೆ ಎಷ್ಟು ಹತ್ತಿರ ಅಂತ ಕೇಳುವ ಬದಲು, ಹಸಿರು ಉಳಿದೆರಡು ಬಣ್ಣಗಳಿಗಿಂತ ಎಷ್ಟು ಜಾಸ್ತಿ ಅಂತ ಕೇಳುವುದು. ನಮ್ಮ ಅಂಕಿಗಳಲ್ಲಿ ಹೊಳೆಯುವ ಬಟ್ಟೆ 180ರಲ್ಲಿ 60 ಕಳೆದರೆ 120. ನೆರಳಿನ ಬಟ್ಟೆ 90ರಲ್ಲಿ 30 ಕಳೆದರೆ 60. ಅಂಗಿ 150ರಲ್ಲಿ 90 ಕಳೆದರೆ 60. ಅಯ್ಯೋ, ನೆರಳೂ ಅಂಗಿಯೂ ಮತ್ತೆ ಒಂದೇ! ಆದರೆ ಬಂದದ್ದನ್ನು ಹಸಿರಿನಿಂದ ಭಾಗಿಸಿ ನೋಡಿ. ಹೊಳೆಯುವ ಬಟ್ಟೆ 0.67, ನೆರಳಿನ ಬಟ್ಟೆಯೂ 0.67, ಅಂಗಿ 0.40. ಅಂಕಿಗಳು ಅರ್ಧವಾದರೂ ಅನುಪಾತ ಅಲುಗಲಿಲ್ಲ. 0.45ರ ಕೆಳಗೆ ಪೂರ್ತಿ ನಟ, 0.62ರ ಮೇಲೆ ಪೂರ್ತಿ ಕಾಡು, ನಡುವೆ ಮೆಲ್ಲಗೆ ಜಾರುವ ಹಾಗೆ ಸ್ಮೂತ್‌ಸ್ಟೆಪ್ ಹಾಕಿದರೆ ಅನುಪಾತ ಈ ಎರಡರ ನಡುವೆ ಬೀಳುವ ಅಂಚಿನ ಪಿಕ್ಸೆಲ್‌ಗಳಿಗೆ ಭಾಗಶಃ ಪಾರದರ್ಶಕತೆ ಸಿಗುತ್ತದೆ. ಕುದಿತ ತಗ್ಗುವುದು ಇಲ್ಲಿ.

ಅಪಾಯಗಳೂ ಇವೆ. ಭಾಗಾಕಾರ ಕತ್ತಲೆಯಲ್ಲಿ ಹುಚ್ಚಾಡುತ್ತದೆ. ಕಪ್ಪು ಕೂದಲಿನ ಪಿಕ್ಸೆಲ್ 8, 14, 7 ಇದ್ದರೆ 0.43 ಬರುತ್ತದೆ. ಗದ್ದಲದಿಂದ ಒಂದೆರಡು ಅಂಕಿ ಹೆಚ್ಚುಕಮ್ಮಿಯಾದರೆ ತಲೆಯಲ್ಲೇ ತೂತು. ಹಸಿರು 40ಕ್ಕಿಂತ ಕಡಿಮೆ ಇದ್ದರೆ ಅದು ಬಟ್ಟೆಯೇ ಅಲ್ಲ ಅಂತ ಒಂದು ಸಾಲು ಸೇರಿಸಿ. ಇನ್ನೊಂದು, ಅಂಚಿನ ಹಸಿರು ಛಾಯೆ ತೆಗೆಯಲು ಹಸಿರನ್ನು ಉಳಿದೆರಡರಲ್ಲಿ ದೊಡ್ಡದಕ್ಕೆ ಇಳಿಸುವ ರೂಢಿ ಇದೆ. ನಿಮ್ಮ ಆಲಿವ್ ಅಂಗಿಗೆ ಹಾಗೆ ಮಾಡಿದರೆ 90, 90, 70 ಆಗಿ ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಇದಕ್ಕೆ ಯಾವ ಶೇಡರ್‌ನಲ್ಲೂ ಪೂರ್ತಿ ಪರಿಹಾರ ಇಲ್ಲ. ಜೆಮ್‌ನಲ್ಲಿ ಎರಡು ಚಿತ್ರ ಶೇಡರ್‌ಗೆ ಹೋಗಬೇಕಾದರೆ ಚಿತ್ರವನ್ನು ಗ್ರಾಫಿಕ್ಸ್ ಕಾರ್ಡಿಗೆ ಟೆಕ್ಸ್ಚರ್ ಆಗಿ ಕಳಿಸುವ ಎರಡು ಪಿಕ್ಸ್_ಟೆಕ್ಸ್ಚರ್‌ಗೆ ಬೇರೆ ಬೇರೆ ಟೆಕ್ಸ್‌ಯೂನಿಟ್ (ಯಾವ ಜಾಗದಲ್ಲಿ ಇಡಬೇಕು ಅನ್ನುವ ಅಂಕಿ) ಕೊಡಬೇಕು. ಪರದೆ ಒಂದೇ ಬಣ್ಣವಾಗಿ ಕಂಡರೆ ಗಾಬರಿಯಾಗಬೇಡಿ. ರೆಕ್ಟಾಂಗಲ್ ಟೆಕ್ಸ್ಚರ್‌ನಲ್ಲಿ ಜಾಗವನ್ನು ಪಿಕ್ಸೆಲ್‌ನಲ್ಲಿ ಎಣಿಸುತ್ತಾರೆ, ಮಾಮೂಲಿಯದರಲ್ಲಿ 0ಯಿಂದ 1ರವರೆಗೆ. ಬರೆದ ಶೇಡರಿಗೂ ಟೆಕ್ಸ್ಚರಿಗೂ ಇದು ಹೊಂದದಿದ್ದರೆ ಹೀಗಾಗುತ್ತದೆ.

ನೀಲಿ ಬಟ್ಟೆ ಕಟ್ಟಿದರೆ ಹೇಗೆ ಅಂತ ಮುಂದಿನ ಪ್ರಶ್ನೆ ಬರಬಹುದು. ಆಲಿವ್ ಅಂಗಿ ಬದಲಿಸಲು ಆಗದೇ ಇದ್ದರೆ ಒಳ್ಳೆಯ ದಾರಿಯೇ. ಆದರೆ ಸಾಮಾನ್ಯ ಕ್ಯಾಮೆರಾ ಸೆನ್ಸರ್‌ನಲ್ಲಿ ನಾಲ್ಕು ಕಣ್ಣಿನಲ್ಲಿ ಎರಡು ಹಸಿರಿಗೆ, ಕೆಂಪಿಗೊಂದು, ನೀಲಿಗೊಂದು. ನೀಲಿಯಲ್ಲಿ ಗದ್ದಲ ಜಾಸ್ತಿ, ಅದಕ್ಕೆ ಬೆಳಕೂ ಜಾಸ್ತಿ ಬೇಕು. ಯಾರೂ ಜೀನ್ಸ್ ಹಾಕುವಂತಿಲ್ಲ.

ನಾನು ನಿಮ್ಮ ಜಾಗದಲ್ಲಿದ್ದರೆ ಇವತ್ತೇ ಕ್ಯಾಮೆರಾದ ಮೂರು ಆಟೊಗಳನ್ನು ಆರಿಸಿ, ಬಟ್ಟೆ ಎಳೆದು ಕಟ್ಟಿ, ಜೆಮ್‌ಹೆಡ್‌ಗಳಿಗೆ ಅಂಕಿ ಕೊಟ್ಟು, ಆಮೇಲೆ ನಟನಿಗೆ ಬೇರೆ ಬಣ್ಣದ ಅಂಗಿ ಸಿಗುತ್ತದಾ ಅಂತ ಕೇಳುತ್ತಿದ್ದೆ. ನಾಟಕಕ್ಕೆ ಅದೇ ಅಂಗಿ ಬೇಕೇ ಬೇಕು ಅಂದರೆ ಪಿಕ್ಸ್_ಡೇಟಾ ಇಟ್ಟು ಐದು ಜಾಗ ಅಳೆಯಿರಿ: ಬಟ್ಟೆಯ ನಡು, ಬಟ್ಟೆಯ ಮೂಲೆ, ಅತಿ ಕಪ್ಪಾದ ಮಡಿಕೆ, ಅಂಗಿಯ ಬೆಳಕಿನ ಭಾಗ, ಅಂಗಿಯ ನೆರಳಿನ ಭಾಗ. ದೀಪಗಳು ಶೋನಲ್ಲಿ ಹೇಗಿರುತ್ತವೋ ಹಾಗೇ ಇರಲಿ. ಆ ಹದಿನೈದು ಅಂಕಿ ಬರೆದು ಕಳಿಸಿ. ಪೆಟ್ಟಿಗೆ ಸಾಕಾ, ಶೇಡರ್ ಬೇಕಾ ಅನ್ನುವುದನ್ನು ಅವುಗಳನ್ನು ನೋಡಿಯೇ ಹೇಳುತ್ತೇನೆ.